ಊಟದ ವೇಳೆಗೆ ತೆರೆದ ಕಿಟಕಿ

ಜನವರಿ ೧೮

ಮಗಳೇ,

ಫೋನಿನಲ್ಲಿ ನಾವಿಬ್ಬರೂ ಮಾತಿಗೆ ತೊಡಗಿದರೆ ಕ್ಷೇಮ ಸಮಾಚಾರ ಮುಗಿಯುವ ಮೊದಲೇ ಜಗಳ ಶುರುವಾಗುತ್ತದೆ. ಕಾಗದದಲ್ಲಿ ಜಗಳವಾಡಬೇಕಾದರೆ ಅಂಚೆಯವನಿಗಾಗಿ ಕಾಯಬೇಕು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಆದ್ದರಿಂದ ಈ ಕಾಗದ.

ವಿಷಯ ಹೊಟ್ಟೆಯದು. ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂತು ಕೂತು ದೂರು ಬರೆದುಕೊಳ್ಳುವ ಕ್ರಮವೊಂದು ನನಗೆ ಅಂಟಿಬಿಟ್ಟಿದೆ: ಏನಾಗಿದೆ, ಎಂದಿನಿಂದ, ಮೊದಲು ಯಾರಿಗೆ ಹೇಳಿದಿರಿ. ಅದೇ ಕ್ರಮದಲ್ಲಿ ಹೇಳುತ್ತೇನೆ. ಉಂಡ ಸ್ವಲ್ಪ ಹೊತ್ತಿಗೆ ಎದೆಯ ಕೆಳಗೆ ಉರಿ. ಹುಳಿ ತೇಗು. ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ ಬೆಲ್ಟಿನ ತೂತು ಬದಲಿಸಬೇಕು. ಬೆಳಿಗ್ಗೆ ಎದ್ದಾಗ ಯಾರೋ ನನ್ನಿಂದ ಇಡೀ ರಾತ್ರಿ ಕೂಲಿ ಮಾಡಿಸಿಕೊಂಡಂತೆ ಮೈಕೈ ಸೋತಿರುತ್ತದೆ. ಎಂದಿನಿಂದ ಎಂದರೆ, ದೊಡ್ಡ ಕೊಳವೆ ಒಡೆದು ಅರ್ಧ ಊರಿಗೆ ನೀರಿಲ್ಲದೆ ಹೋದ ವರ್ಷದಿಂದ. ಕೊಳವೆಯನ್ನು ಆಮೇಲೆ ಸರಿಮಾಡಿದರು. ಹೊಟ್ಟೆಯನ್ನು ಮಾಡಲಿಲ್ಲ. ಮೊದಲು ಯಾರಿಗೆ ಹೇಳಿದಿರಿ ಎಂದರೆ, ಯಾರಿಗೂ ಇಲ್ಲ.

ನಿನ್ನ ಆಯುರ್ವೇದ ಶಾಸ್ತ್ರದಲ್ಲಿ ನನಗೆ ನಂಬಿಕೆ ಇಲ್ಲವೆಂಬುದು ನಿನಗೆ ಗೊತ್ತು. ಆದರೆ ಮಹಡಿಯ ಮೇಲಿನ ಎಂಜಿನಿಯರುಗಳಲ್ಲೂ ನನಗೆ ನಂಬಿಕೆ ಇಲ್ಲ, ಆದರೂ ದಿನವೂ ಅವರಿಗೇ ದೂರು ಕಳಿಸುತ್ತೇನಲ್ಲ. ಏನಾದರೂ ಇದ್ದರೆ ಬರೆ.

ಅಪ್ಪ


ಜನವರಿ ೨೭

ಅಪ್ಪಾ,

ನಿಮ್ಮ ದೂರು ತಲುಪಿದೆ. ಲಕೋಟೆಯ ಮೇಲಿನ ಅಕ್ಷರ ನೋಡಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಕೆಟ್ಟ ಸುದ್ದಿಯಿರಬೇಕು ಅಂದುಕೊಂಡೆ. ಹುಳಿ ತೇಗು ಅಂತ ಓದಿದ ಮೇಲೆ ಎದ್ದು ಒಳಗೆ ಹೋದೆ.

ನಾವು ಹೊಟ್ಟೆಯಲ್ಲಿ ಅಗ್ನಿ ಇದೆ ಎನ್ನುತ್ತೇವೆ. ಜಠರದಲ್ಲಿರುವುದು ಆಮ್ಲ, ಬೆಂಕಿಯಲ್ಲ, ಇದು ಶಾಲೆಯ ಮಕ್ಕಳಿಗೂ ಗೊತ್ತು ಎಂದು ನೀವು ಈಗ ಹೇಳುತ್ತೀರಿ. ಹಾಗಾದರೆ ‘ಉರಿ’ ಅಂತ ಏಕೆ ಬರೆದಿರಿ? ಹೆಸರು ಏನಾದರೂ ಇರಲಿ. ಹೊತ್ತಿಗೆ ಸರಿಯಾಗಿ, ಸಮಾಧಾನವಾಗಿ ಹಾಕಿದ್ದನ್ನು ಅದು ಬೇಯಿಸುತ್ತದೆ. ಜಗಳದ ನಡುವೆ ತುರುಕಿದ್ದನ್ನು ಹಾಗೇ ಬಿಡುತ್ತದೆ, ಇಲ್ಲವೇ ಸುಡುತ್ತದೆ.

ಕೆಲವು ಪ್ರಶ್ನೆಗಳಿವೆ. ಊಟ ಎಲ್ಲಿ, ಹೇಗೆ? ತೂಕ ಇಳಿದಿದೆಯೇ? ನುಂಗುವಾಗ ತಡೆಯುತ್ತದೆಯೇ? ಮಲ ಕಪ್ಪಗಿದೆಯೇ? ಮುಜುಗರ ಬೇಡ, ನಾನು ದಿನವೂ ಕೇಳುವುದೇ ಇದನ್ನು. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಇದಕ್ಕೆ ಉತ್ತರ ಬಾರದೆ ನಾನು ಏನನ್ನೂ ಕೊಡುವುದಿಲ್ಲ.

ನಾನು ಕಾಲೇಜು ಸೇರಿದ ವಾರವೇ ‘ಬೇರು ನಾರಿನ ಪದವೀಧರರು’ ಎಂಬ ತಲೆಬರಹದಲ್ಲಿ ನೀವು ಪತ್ರಿಕೆಗೆ ಬರೆದ ಕಾಗದ ಇನ್ನೂ ನೆನಪಿದೆ. ನಿಮ್ಮ ಜ್ಞಾಪಕಶಕ್ತಿ ನನಗೂ ಬಂದಿದೆ. ಅದಕ್ಕಾಗಿ ಯಾರಿಗೆ ದೂರು ಕೊಡಬೇಕೋ ಗೊತ್ತಿಲ್ಲ.

ನಿಮ್ಮ ಮಗಳು


ಫೆಬ್ರವರಿ ೪

ಮಗಳೇ,

ತೂಕ ಇಳಿದಿಲ್ಲ. ನುಂಗಲು ತಡೆಯಿಲ್ಲ. ಬಣ್ಣ ಸರಿಯಾಗಿದೆ. ಬೇರೆ ಮಾತ್ರೆ ಇಲ್ಲ.

ಊಟ ಕಿಟಕಿಯಲ್ಲೇ. ಗಾಜಿನ ಆಚೆ ಜನ, ಈಚೆ ನಾನು, ನಡುವೆ ಡಬ್ಬಿ. ಒಂದು ತುತ್ತು, ಒಂದು ದೂರು. ನಿನ್ನೆ ಒಬ್ಬ ತನ್ನ ನಲ್ಲಿಯಲ್ಲಿ ಬಂದ ಕೆಂಪು ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು ನನ್ನ ಡಬ್ಬಿಯ ಪಕ್ಕದಲ್ಲೇ ಕುಕ್ಕಿದ. “ಊಟ ಮಾಡ್ತಿದೀರಲ್ಲ ಸ್ವಾಮಿ, ಇದನ್ನ ಕುಡ್ಕೊಂಡು ಮಾಡಿ ನೋಡಣ” ಎಂದ. ಅವನದು ತಪ್ಪೆನ್ನಲಾರೆ. ನಾನು ಕುಡಿಯಲೂ ಇಲ್ಲ, ಉಣ್ಣಲೂ ಇಲ್ಲ.

ನೀನು ಮುಂದೆ ಏನು ಬರೆಯುತ್ತೀ ಎಂದು ನನಗೆ ಗೊತ್ತು. ಕಿಟಕಿ ಮುಚ್ಚಿ ಉಣ್ಣಿ ಎನ್ನುತ್ತೀ. ಅದೊಂದು ಬಿಟ್ಟು ಬೇರೆ ಹೇಳು. ನಾನು ಚಿಕ್ಕವನಿದ್ದಾಗ ನಿನ್ನಜ್ಜಿ ಜ್ವರದ ಮೈಯಲ್ಲಿ ಆಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ನಿಂತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಒಳಗಿದ್ದವನು ‘ಊಟದ ವೇಳೆ’ ಎಂಬ ಹಲಗೆ ತಗುಲಿಸಿ ಎದ್ದುಹೋದ. ಅವನು ಬಾಯಿ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಡಾಕ್ಟರು ಮನೆಗೆ ಹೋಗಿದ್ದರು. ನಾನು ಈ ಕುರ್ಚಿಗೆ ಬಂದ ದಿನವೇ ಇಲ್ಲಿದ್ದ ಅಂಥದೇ ಹಲಗೆಯನ್ನು ಕಿತ್ತು ಒಲೆಗೆ ಹಾಕಿಸಿದೆ. ಈ ಊರಿನಲ್ಲಿ ಮಧ್ಯಾಹ್ನ ತೆರೆದಿರುವ ಸರ್ಕಾರಿ ಕಿಟಕಿ ಇದೊಂದೇ. ನಾನು ಮಾಡಿದ ಕೆಲಸ ಎಂದು ತೋರಿಸಲು ನನ್ನ ಬಳಿ ಇರುವುದೂ ಇದೊಂದೇ.

ಅಪ್ಪ


ಫೆಬ್ರವರಿ ೧೫

ಅಪ್ಪಾ,

ನಿಮ್ಮ ಕಾಗದವನ್ನು ಕೈಯಲ್ಲಿಟ್ಟುಕೊಂಡು ವಾರವಿಡೀ ಯೋಚಿಸಿದೆ. ನಿಮಗೆ ಬೇಕಾದ ಮದ್ದು ಔಷಧವಲ್ಲ. ಅರ್ಧ ಗಂಟೆ, ಒಂದು ಬೆಂಚು, ಯಾರ ಮುಖವನ್ನೂ ನೋಡದೆ ಉಣ್ಣುವ ಊಟ. ಅದನ್ನು ನೀವು ಒಲ್ಲೆ ಎನ್ನುತ್ತೀರಿ. ಇಲ್ಲಿ ನನ್ನ ಮುಂದೆ ಬಂದು ಕೂರುವವರೂ ಹೀಗೇ. ಬದುಕನ್ನು ಒಂದಿಷ್ಟೂ ಅಲುಗಿಸದೆ ಒಂದು ಪೊಟ್ಟಣ ಕೊಡಿ ಎನ್ನುತ್ತಾರೆ. ಕ್ಲಿನಿಕ್ಕಿನ ಮಾಲೀಕರಿಗೂ ಅದೇ ಬೇಕು: “ಡಾಕ್ಟ್ರೇ, ಮಾತು ಕಮ್ಮಿ ಮಾಡಿ, ಪುಡಿ ಜಾಸ್ತಿ ಮಾಡಿ.” ದಿನವೆಲ್ಲ ಇದನ್ನು ಕೇಳಿ ನಾನೂ ದಣಿದಿದ್ದೇನೆ. ಇಲ್ಲದಿದ್ದರೆ ನಿಮ್ಮ ಹಟಕ್ಕೆ ಬಗ್ಗುತ್ತಿರಲಿಲ್ಲವೇನೋ.

ಬೆಳಿಗ್ಗೆ ಜೀರಿಗೆ ಕುದಿಸಿದ ನೀರು, ಉಗುರುಬೆಚ್ಚಗೆ. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನ, ತರಕಾರಿ, ತಿಳಿ ಮಜ್ಜಿಗೆ. ಕಾಫಿ ಕಡಿಮೆ ಮಾಡಿ. ಜೊತೆಗೆ ಜೇಷ್ಠಮಧುವಿನ ಪುಡಿ ಕಳಿಸಿದ್ದೇನೆ. ಸಿಹಿಯಾದ ಬೇರು, ಉರಿಯನ್ನು ತಣಿಸುತ್ತದೆ. ಅರ್ಧ ಚಮಚ, ಎರಡು ಹೊತ್ತು, ಎರಡೇ ವಾರ. ಆಮೇಲೆ ನಿಲ್ಲಿಸಿ ನನಗೆ ಬರೆಯಿರಿ. ಬೇರೆ ಮಾತ್ರೆ ಇಲ್ಲ ಅಂದಿರಲ್ಲ, ಆ ಧೈರ್ಯದಲ್ಲಿ ಕಳಿಸುತ್ತಿದ್ದೇನೆ.

ಇದು ಸೋರುವ ಕೊಳವೆಗೆ ಬಟ್ಟೆ ಸುತ್ತಿದ ಹಾಗೆ. ನೀರು ಕಚೇರಿಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಮಗಳು


ಮಾರ್ಚ್ ೧೦

ಮಗಳೇ,

ಒಪ್ಪಿಕೊಳ್ಳುವುದು ಕಷ್ಟ. ಆದರೂ ದಾಖಲಾಗಲಿ: ಉರಿ ಇಲ್ಲ. ತೇಗು ಇಲ್ಲ. ಮೊನ್ನೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಂಡೆ, ಏನೂ ಆಗಲಿಲ್ಲ. ಪಕ್ಕದ ಕಿಟಕಿಯಲ್ಲಿ ಬಿಲ್ಲು ಕಟ್ಟಿಸಿಕೊಳ್ಳುವ ಹೆಂಗಸನ್ನು ಇಡೀ ಕಚೇರಿ ಬಿಲ್ಲಕ್ಕ ಎನ್ನುತ್ತದೆ. ನನ್ನ ಹೆಸರು ದೂರಪ್ಪ. ಅವಳು ನನ್ನನ್ನು ನೋಡಿ, “ಏನ್ ದೂರಪ್ಪನೋರೇ, ಇವತ್ತು ಯಾರಿಗೂ ಶಾಪ ಹಾಕಿಲ್ಲ, ಹುಷಾರಾಗಿದೀರ ತಾನೇ?” ಎಂದಳು.

ಬೇಸಿಗೆ ಬಂತು. ಸಾಲು ಬೀದಿಯ ತನಕ ಬೆಳೆದಿದೆ. ಮೇಲಿನವರು ಈ ವರ್ಷ ‘ನೀರಿನ ಕೊರತೆ ಇಲ್ಲ, ವಿತರಣೆಯಲ್ಲಿ ವ್ಯತ್ಯಯವಿದೆ’ ಎಂದು ಹೇಳಬೇಕೆಂದು ಸುತ್ತೋಲೆ ಕಳಿಸಿದ್ದಾರೆ. ಹಿಂದೊಮ್ಮೆ ಕೆರೆಯಲ್ಲಿ ಮೀನುಗಳು ಸತ್ತು ತೇಲಿದಾಗಲೂ ಇವರು ‘ವಾಸನೆಯಲ್ಲಿ ವ್ಯತ್ಯಯ’ ಎಂದಿದ್ದರು. ನನಗೆ ನೆನಪಿದೆ, ಅವರಿಗಿಲ್ಲ. ಕೊಡ ಹಿಡಿದು ಬಂದ ಮುದುಕಿಗೆ ವ್ಯತ್ಯಯ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. “ನೀರಿಲ್ಲಮ್ಮ” ಎಂದೆ. “ಅದನ್ನ ಹೇಳಕ್ಕೆ ನಿಮಗೆ ಸಂಬಳನಾ?” ಎಂದಳು. ಅದನ್ನೂ ದೂರಿನ ಪುಸ್ತಕದಲ್ಲಿ ಬರೆದುಕೊಂಡೆ.

ನಿನ್ನ ಬೇರು ಮಾತ್ರ ಒಳ್ಳೆಯದು. ಕಿಟಕಿಯೂ ತೆರೆದಿದೆ, ಹೊಟ್ಟೆಯೂ ತಣ್ಣಗಿದೆ. ಎರಡೂ ಆಗದು ಅಂದಿದ್ದೆಯಲ್ಲ.

ಅಪ್ಪ


ಏಪ್ರಿಲ್ ೨

ಅಪ್ಪಾ,

ಎರಡು ವಾರ ಮುಗಿದು ಬಹಳ ದಿನವಾಯಿತು. ‘ಒಳ್ಳೆಯದು’ ಎಂದು ಬರೆದಿದ್ದೀರಿ, ‘ನಿಲ್ಲಿಸಿದೆ’ ಎಂದು ಬರೆದಿಲ್ಲ. ನಿಲ್ಲಿಸಿದಿರಿ ತಾನೇ? ಒಂದೇ ಸಾಲು ಸಾಕು.

ನಿಮ್ಮ ಮಗಳು


ಮೇ ೨೦

ಮಗಳೇ,

ನಿನ್ನ ಕಾಗದಕ್ಕೆ ಉತ್ತರಿಸಲು ತಡವಾಯಿತು. ಇಲ್ಲಿ ಎಲ್ಲ ಸರಿಯಾಗಿದೆ. ಹೊಟ್ಟೆಯ ತಕರಾರಿಲ್ಲ.

ಒಂದಿಷ್ಟು ಆಯಾಸವಿದೆ. ನಾನು ಬಾಡಿಗೆಗಿರುವ ಸೈಕಲ್ ಅಂಗಡಿ ಮಹಡಿಯ ಮೆಟ್ಟಿಲು ಹತ್ತುವಾಗ ಕಾಲು ನನ್ನದಲ್ಲವೆನಿಸುತ್ತದೆ. ಸಂಜೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಕೊಂಡಿರುತ್ತದೆ. ಸೆಖೆಗೆ ಇರಬೇಕು. ಇಡೀ ಊರೇ ಆಯಾಸಗೊಂಡಿದೆ, ನಾನೊಬ್ಬ ಏಕೆ ಬೇರೆಯಾಗಿರಲಿ. ಈಗ ಜನ ಬೈದರೂ ಸಿಟ್ಟು ಬರುವುದಿಲ್ಲ. ಅದನ್ನು ನೀನು ಗುಣ ಎನ್ನುತ್ತೀಯೋ ಏನೋ. ನನಗೆ ಹಾಗೆ ಅನಿಸುವುದಿಲ್ಲ.

ಅಪ್ಪ


ಜೂನ್ ೬

ಡಾಕ್ಟರಮ್ಮ,

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ, ಬಾಯಿಗೆ ಬಂದ ಹಾಗೆ ಬರೀತೀನಿ. ನಾನು ನಿಮ್ಮಪ್ಪನ ಪಕ್ಕದ ಕಿಟಕೀಲಿ ಬಿಲ್ಲು ಕಟ್ಟಿಸ್ಕೊಳ್ಳೋಳು. ನಿಮ್ಮ ಫೋನ್ ನಂಬರ್ ಕೇಳಿದೆ, ಕೊಡಲಿಲ್ಲ. “ಅವಳಿಗೆ ಹೇಳಿದ್ರೆ ನಿನ್ನ ಜೊತೆ ಮಾತು ಬಿಡ್ತೀನಿ” ಅಂದ್ರು. ಬಿಡಲಿ ತಾಯಿ, ಅವರ ಮಾತು ಕೇಳಿ ಕೇಳಿ ನನ್ನ ಕಿವಿನೂ ಸ್ವಲ್ಪ ಸುಧಾರಿಸ್ಕೊಳ್ಳುತ್ತೆ. ನಿಮ್ಮ ವಿಳಾಸ ಲಕೋಟೆ ಹಿಂದೆ ಇತ್ತು, ಅದಕ್ಕೇ ಬರೀತಿದೀನಿ.

ಸೋಮವಾರ ಕಿಟಕೀಲೇ ಬಿದ್ದುಬಿಟ್ರು. ದೂರು ಹೇಳ್ತಿದ್ದೋನು ಇನ್ನೂ ಹೇಳ್ತಾನೇ ಇದ್ದ, ಎದುರಿಗೆ ಕೇಳೋರೇ ಇಲ್ಲ. ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದೆ. ಬಿ.ಪಿ. ಮೇಲೆ ಹತ್ತಿದೆ ಅಂದ್ರು. ರಕ್ತದಲ್ಲಿ ಪೊಟ್ಯಾಸಿಯಂ ಅಂತೆ, ಅದು ಇಳಿದಿದೆಯಂತೆ. ಯಾಕೆ ಹಿಂಗಾಯ್ತು ಅಂತ ಆ ಡಾಕ್ಟ್ರಿಗೂ ತಿಳೀಲಿಲ್ಲ. “ದಿನಾ ತಗೊಳ್ತಿರೋ ಬಿ.ಪಿ. ಮಾತ್ರೆ ಬಿಟ್ರಾ?” ಅಂತ ಕೇಳಿದ್ರು, ಇವರು “ಇಲ್ಲ” ಅಂದ್ರು. ಅದು ನಿಜ, ಎಷ್ಟೋ ವರ್ಷದಿಂದ ಬೆಳಿಗ್ಗೆ ನನ್ನ ಬಾಟಲಿ ನೀರಲ್ಲೇ ನುಂಗ್ತಾರೆ. “ಬೇರೆ ಏನಾದ್ರೂ ತಿಂತಿದೀರಾ, ನಾಟಿ ಔಷಧ ಗೀಷಧ?” ಅಂದ್ರು. “ಇಲ್ಲ” ಅಂದ್ರು. ಅದು ಸುಳ್ಳು.

ನಿಮ್ಮ ಪುಡಿ ಖಾಲಿಯಾದ ಮೇಲೆ ಗಿಡಮೂಲಿಕೆ ಅಂಗಡಿಯಿಂದ ಆ ಸಿಹಿ ಬೇರನ್ನೇ ಕಂತೆಗಟ್ಟಲೆ ತಂದು ಡ್ರಾಯರ್ ತುಂಬಿದಾರೆ. ಕಬ್ಬು ಜಗಿದ ಹಾಗೆ ಬೆಳಗಿಂದ ಸಂಜೆ ತನಕ ಜಗೀತಾರೆ. ನನಗೂ ಒಂದು ತುಂಡು ಕೊಟ್ಟಿದ್ರು.

ಹೊರಗೆ ಬಂದ ಮೇಲೆ ಕೇಳಿದೆ, “ಯಾಕ್ರೀ ಹೇಳಲಿಲ್ಲ?” ಅಂತ. ನೆಲ ನೋಡ್ಕೊಂಡು ಹೇಳಿದ್ರು, “ಆ ಡಾಕ್ಟ್ರು ನಕ್ಕುಬಿಟ್ರೆ? ನನ್ನ ಮಗಳು ಕೊಟ್ಟಿದ್ದು ಅಂತ ಹೇಳಿ, ಅವರ ಬಾಯಲ್ಲಿ ಅವಳನ್ನ ಬೇರು ನಾರಿನ ಡಾಕ್ಟ್ರು ಅನ್ನಿಸ್ಬೇಕಾ ನಾನು?” ಅಂತ.

ಮನೆಗೆ ಕಳಿಸಿದಾರೆ. ಮತ್ತೆ ಜಗೀತಿದಾರೆ. ನನ್ನ ನಂಬರ್ ಕೆಳಗೆ ಬರೆದಿದೀನಿ. ಕಾಗದ ಸಿಕ್ಕ ತಕ್ಷಣ ಫೋನ್ ಮಾಡಿ.

ಬಿಲ್ಲಕ್ಕ


ಜೂನ್ ೧೨

ಅಪ್ಪಾ,

ಮೊನ್ನೆ ಬಿಲ್ಲಕ್ಕನ ಫೋನಿನಲ್ಲಿ ನಾನು ಕಿರುಚಿದೆ, ನೀವು “ಹೂಂ” ಅಂದಿರಿ. ಕಿರುಚಿದ್ದರಲ್ಲಿ ಯಾವುದು ಕೇಳಿಸಿತೋ ಗೊತ್ತಿಲ್ಲ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಜೇಷ್ಠಮಧು ಉರಿ ತಣಿಸುವುದು ನಿಜ. ಬಹಳ ದಿನ ತಿಂದರೆ ಮೈಯಲ್ಲಿ ನೀರು ಹಿಡಿದಿಡುವುದೂ ಅಷ್ಟೇ ನಿಜ. ಪಾದ ಊದುತ್ತದೆ, ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಸೋರಿಹೋಗಿ ಕೈಕಾಲು ಸೋಲುತ್ತವೆ, ಹೃದಯದ ಬಡಿತವೂ ತಪ್ಪಬಹುದು. ಮೊದಲೇ ಒತ್ತಡವಿದ್ದವರಿಗೆ ನಾನು ಅದನ್ನು ಕೊಡುವುದೇ ಇಲ್ಲ. ಇದನ್ನು ಆಸ್ಪತ್ರೆಯವರು ನನಗೆ ಕಲಿಸಿದ್ದಲ್ಲ, ನಾನು ನನ್ನ ರೋಗಿಗಳಿಗೆ ದಿನವೂ ಹೇಳುವುದು. ಬೇರೆ ಮಾತ್ರೆ ಇದೆಯೇ ಎಂದು ಅದಕ್ಕೇ ಕೇಳಿದೆ. ನೀವು ‘ಇಲ್ಲ’ ಎಂದು ಬರೆದಿರಿ. ಊರಿನವರ ಸುಳ್ಳನ್ನೆಲ್ಲ ನೆನಪಿಟ್ಟುಕೊಳ್ಳುವ ನೀವು.

ಆ ಬೇರನ್ನೆಲ್ಲ ಬಿಲ್ಲಕ್ಕ ಎಸೆದರಂತೆ. ಅವತ್ತೇ ನಿಮ್ಮನ್ನು ಮತ್ತೆ ಆಸ್ಪತ್ರೆಗೂ ಕರೆದುಕೊಂಡು ಹೋದರಂತೆ. ಆದರೆ ನೀವು ಒಬ್ಬರೇ ಒಳಗೆ ಹೋದಿರಿ, ಅವರು ಹೊರಗೆ ಕೂತಿದ್ದರು. ಒಳಗೆ ನಿಜ ಹೇಳಿದಿರೋ ಇಲ್ಲವೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಶನಿವಾರ ಅಲ್ಲಿಗೆ ಬರುತ್ತಿದ್ದೇನೆ. ನೀವು ಹೇಳಿಲ್ಲವಾದರೆ ನಾನೇ ಆ ಡಾಕ್ಟರ ಮುಂದೆ ಕೂತು ಹೇಳುತ್ತೇನೆ. ನಗಲಿ. ನನ್ನನ್ನು ನೋಡಿ ನಗುವವರನ್ನು ಸಹಿಸುವುದನ್ನು ನಾನು ನಿಮ್ಮ ಮನೆಯಿಂದಲೇ ಅಭ್ಯಾಸ ಮಾಡಿಕೊಂಡು ಹೊರಟವಳು. ಅದರಿಂದ ನಾನು ಸಾಯುವುದಿಲ್ಲ. ನೀವು ಸುಮ್ಮನಿದ್ದರೆ ನೀವು ಸಾಯಬಹುದು.

ಇನ್ನು ನಾನು ನಿಮಗೆ ಯಾವ ಪುಡಿಯನ್ನೂ ಕೊಡುವುದಿಲ್ಲ. ಉರಿ ಮತ್ತೆ ಬರುತ್ತದೆ. ಬಂದಾಗ ಕಿಟಕಿ ಮುಚ್ಚಿ ಉಣ್ಣಿ. ನನ್ನ ಶಾಸ್ತ್ರದಲ್ಲಿ ನಿಮಗೆ ಉಳಿದಿರುವ ಔಷಧ ಇದೊಂದೇ.

ನಿಮ್ಮ ಮಗಳು


ಜುಲೈ ೯

ಮಗಳೇ,

ನೀನು ಬಂದುಹೋದ ಮೇಲೆ ಮನೆಯಲ್ಲಿ ಜೀರಿಗೆಯ ವಾಸನೆ ಉಳಿದಿದೆ. ಶನಿವಾರ, ಭಾನುವಾರ ಎರಡು ದಿನವೂ ನೀನು ಅಡುಗೆ ಮಾಡಿದೆ, ನಾನು ಪೇಪರು ಓದಿದೆ, ಇಬ್ಬರೂ ಆಸ್ಪತ್ರೆಯ ಮಾತೆತ್ತಲಿಲ್ಲ. ನಿನ್ನ ಬಸ್ಸು ಹೊರಡುವಾಗ ನಾನು “ಡಾಕ್ಟರಿಗೆ ಹೇಳಿದೆ” ಎಂದೆ, ನೀನು “ಗೊತ್ತು, ಬೆಳಿಗ್ಗೆ ಹೋಗಿ ಅವರನ್ನ ಕೇಳ್ಕೊಂಡು ಬಂದೆ” ಎಂದೆ. ಕಂಡಕ್ಟರು ಸೀಟಿ ಊದಿದ. ಅಲ್ಲಿ ಏನಾಯಿತೆಂದು ಹೇಳಲು ಹೊತ್ತು ಸಿಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಬಿಲ್ಲಕ್ಕನನ್ನು ಹೊರಗೆ ಕೂರಿಸಿದ್ದು ಬೇಕೆಂದೇ. ಆ ಡಾಕ್ಟರು ಏನಾದರೂ ಅಂದರೆ ಅದು ಕಚೇರಿಯ ತನಕ ಬರಬಾರದು. ನಾನು ಹೇಳಿದೆ: “ನನ್ನ ಮಗಳು ಆಯುರ್ವೇದದ ಡಾಕ್ಟರು. ಅವಳು ಎರಡು ವಾರಕ್ಕೆ ಅಂತ ಕೊಟ್ಟಿದ್ದನ್ನ ನಾನು ಬೇಸಿಗೆ ಪೂರ್ತಿ ತಿಂದೆ. ಮಾತ್ರೆ ತಗೊಳ್ತೀನಿ ಅಂತ ಅವಳಿಗೆ ಹೇಳ್ಲಿಲ್ಲ, ಬೇರು ತಿಂತೀನಿ ಅಂತ ನಿಮಗೆ ಹೇಳ್ಲಿಲ್ಲ.” ಅವರು ನನಗಿಂತ ಚಿಕ್ಕವರು, ನಿದ್ದೆಗೆಟ್ಟ ಕಣ್ಣು. ನಗಲಿಲ್ಲ. ಬರೆದುಕೊಳ್ಳುತ್ತಲೇ, “ಅವರು ಎರಡು ವಾರ ಅಂದಿದ್ರಾ? ಸರಿಯಾಗೇ ಹೇಳಿದಾರಲ್ಲ” ಎಂದರು. ಆಮೇಲೆ, “ನಿಮ್ಮಂಥ ಅಪ್ಪ ನನಗೂ ಒಬ್ಬರಿದಾರೆ” ಎಂದು ಮುಂದಿನವರನ್ನು ಕರೆದರು. ಅವರು ನಕ್ಕಿದ್ದರೆ ಜಗಳವಾಡಲು ನಾನು ಇಡೀ ದಾರಿ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ.

ಪಾದದ ಊತ ಇಳಿದಿದೆ. ಒತ್ತಡವೂ ಇಳಿಯುತ್ತಿದೆ ಎನ್ನುತ್ತಾರೆ. ನೀನು ಹೇಳಿದ ಹಾಗೆ ಉರಿ ಮರಳಿ ಬಂತು.

ನಿನ್ನೆ ಕಿಟಕಿ ಮುಚ್ಚಿದೆ. ಹಲಗೆ ತಗುಲಿಸಲಿಲ್ಲ. ಒಂದು ಕಾಗದದ ಮೇಲೆ ‘ಊಟ ಮಾಡುತ್ತಿದ್ದೇನೆ, ಅರ್ಧ ಗಂಟೆಗೆ ಬರುತ್ತೇನೆ’ ಎಂದು ನನ್ನ ಅಕ್ಷರದಲ್ಲೇ ಬರೆದು ಗಾಜಿಗೆ ಅಂಟಿಸಿದೆ. ಇಲಾಖೆಯ ಹಿಂದೆ ಅಡಗಿಕೊಳ್ಳಬಾರದಲ್ಲ. ಹಿಂದಿನ ಕೋಣೆಯಲ್ಲಿ, ಹಳೆಯ ಮೀಟರುಗಳನ್ನು ಪೇರಿಸಿಟ್ಟ ಕಡೆ, ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆ. ಕೋಣೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹೊರಗಿನದೆಲ್ಲ ಕೇಳಿಸುತ್ತದೆ.

ಒಬ್ಬ ಗಾಜನ್ನು ಬಡಿದ. ಬಿಲ್ಲಕ್ಕ ತನ್ನ ಮುಚ್ಚಿದ ಕಿಟಕಿಯ ಒಳಗಿನಿಂದಲೇ, “ಊಟ ಮಾಡ್ತಿದಾರಪ್ಪ, ಸ್ವಲ್ಪ ಕೂತ್ಕೋ” ಎಂದಳು. “ಮಾಡ್ಲಿ ಮಾಡ್ಲಿ. ನಮ್ಮನೇಲಿ ಎರಡು ದಿನದಿಂದ ಅನ್ನಕ್ಕೆ ಇಡಕ್ಕೆ ನೀರಿಲ್ಲ. ಈ ಮನುಷ್ಯನೊಬ್ಬ ಎದ್ದು ಹೋಗಲ್ಲ ಅಂತ ಕೂಲಿ ಬಿಟ್ಟು ಬಂದೆ. ಇವನೂ ಅವರಂಗೇ ಆದ” ಎಂದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಅವನ ಹೆಜ್ಜೆಯ ಸಪ್ಪಳ ಮೆಟ್ಟಿಲಿಳಿದು ಹೋಯಿತು. ನಾನು ಎದ್ದು ಹೋಗಿದ್ದರೆ ಅವನು ಸಿಗುತ್ತಿದ್ದ.

ಎದ್ದೇಳಲಿಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಬಾಯಲ್ಲಿದ್ದುದನ್ನು ನೀನು ಹೇಳಿದ ಹಾಗೆ ನಿಧಾನವಾಗಿ ಅಗಿದು, ನುಂಗಿ, ಇನ್ನೊಂದು ತುತ್ತು ಕಲಸಿದೆ.

ಇವತ್ತು ಉರಿ ಇಲ್ಲ.

ಅಪ್ಪ